ಹೊಟ್ಟೆನೋವಿನ ನೆಪ

ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೇ ಹೊಟ್ಟೆನೋವು ಬರುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಓಂಕಾಳಿನ ಕಷಾಯವೂ ಸಿದ್ಧ, ಗದರಿಕೆಯೂ ಸಿದ್ಧ. ಹೋಂವರ್ಕ್ ಮಾಡಿರಲಿಕ್ಕಿಲ್ಲ, ಮೇಷ್ಟ್ರ ಭಯ ಇರಬೇಕು ಎಂದು ದೊಡ್ಡವರು ತೀರ್ಮಾನಿಸಿಬಿಡುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಮಯಾಮಿಯಲ್ಲಿದ್ದ ಒಬ್ಬ ಹುಡುಗನಿಗೂ ಇಂಥದೇ ಹೊಟ್ಟೆನೋವು. ಓದಿನಲ್ಲಿ ಅವನು ಚುರುಕು, ಮೇಷ್ಟ್ರ ಭಯವೇನೂ ಇರಲಿಲ್ಲ. ಅವನನ್ನು ಹೆದರಿಸುತ್ತಿದ್ದುದು ಊಟದ ಬಿಡುವು. ಕೆಫೆಟೇರಿಯಾಕ್ಕೆ ಹೋದರೆ ಯಾರ ಪಕ್ಕ ಕೂರುವುದು? ಯಾರೂ ಜಾಗ ಕೊಡದಿದ್ದರೆ? ಮನೆಯಲ್ಲಿ ಪ್ರೀತಿಸುವ ಅಪ್ಪ ಅಮ್ಮ, ಅಕ್ಕ ಎಲ್ಲ ಇದ್ದರೂ ಈ ಸಂಗತಿ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ತಾನು ಯಾರಿಗೂ ಬೇಡವಾದವನು ಎಂದು ಒಪ್ಪಿಕೊಂಡಂತೆ ಅನ್ನಿಸುತ್ತಿತ್ತಂತೆ.

ಆ ಹುಡುಗ ವಿವೇಕ್ ಮೂರ್ತಿ. ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಹುಟ್ಟಿದ್ದು 1977ರಲ್ಲಿ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಅಲ್ಲಿಂದ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌, ಮೂರು ವರ್ಷ ತುಂಬುವ ಹೊತ್ತಿಗೆ ಮಯಾಮಿ. ಮುಂದೆ ಹಾರ್ವರ್ಡ್‌ನಲ್ಲಿ ಪದವಿ, ಯೇಲ್‌ನಲ್ಲಿ ವೈದ್ಯಕೀಯ. 2014ರ ಡಿಸೆಂಬರ್‌ನಲ್ಲಿ, 37ನೇ ವಯಸ್ಸಿಗೆ, ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ವೈದ್ಯರ ಹುದ್ದೆ. ಭಾರತೀಯ ಮೂಲದವರೊಬ್ಬರಿಗೆ ಅದು ಮೊದಲ ಸಲ. ಸೆನೆಟ್ ಒಪ್ಪಿಗೆ ಕೊಡಲು ಒಂದು ವರ್ಷಕ್ಕೂ ಹೆಚ್ಚು ಸತಾಯಿಸಿತು. ಬಂದೂಕಿನ ಹಿಂಸೆ ಆರೋಗ್ಯದ ಸಮಸ್ಯೆಯೂ ಹೌದು ಎಂದು ಅವರು ಹಿಂದೆ ಟ್ವೀಟ್ ಮಾಡಿದ್ದು ಬಂದೂಕು ಲಾಬಿಗೆ ಹಿಡಿಸಿರಲಿಲ್ಲ. ಕೊನೆಗೆ 51–43 ಮತಗಳಲ್ಲಿ ಗೆದ್ದರು. 2017ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ ತೆಗೆದುಹಾಕಿತು, 2021ರ ಮಾರ್ಚ್‌ನಲ್ಲಿ ಅದರ ನಂತರದ ಸರ್ಕಾರ ಮತ್ತೆ ಕೂರಿಸಿತು.

ಸರ್ಜನ್ ಜನರಲ್ ಕೈಯಲ್ಲಿ ದೊಡ್ಡ ಬಜೆಟ್ ಇರುವುದಿಲ್ಲ. ಅವರಿಗಿರುವುದು ಮಾತಿನ ಬಲ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂದು 1964ರಲ್ಲಿ ಆ ಕಚೇರಿ ಹೊರಡಿಸಿದ ವರದಿ ಅಮೆರಿಕದ ಚಾಳಿಯನ್ನೇ ತಿರುಗಿಸಿತು. ಅದೇ ಕಚೇರಿಯಿಂದ ಮೂರ್ತಿಯವರು 2021ರ ಡಿಸೆಂಬರ್‌ನಲ್ಲಿ ಮಕ್ಕಳ ಮತ್ತು ಯುವಜನರ ಮಾನಸಿಕ ಆರೋಗ್ಯದ ಬಗ್ಗೆ, 2022ರಲ್ಲಿ ಆರೋಗ್ಯ ಸಿಬ್ಬಂದಿಯ ಬಳಲಿಕೆಯ ಬಗ್ಗೆ, 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆ ಎಚ್ಚರಿಕೆ ಹೊರಡಿಸಿದರು. ಕೆಫೆಟೇರಿಯಾಕ್ಕೆ ಹೆದರಿದ ಹುಡುಗ ಇಡೀ ದೇಶಕ್ಕೆ ಅದೇ ವಿಷಯ ಹೇಳುವ ಕುರ್ಚಿಯಲ್ಲಿ ಕೂತಿದ್ದ.

ವಲಸಿಗರ ಮಕ್ಕಳಿಗೆ ಡಾಕ್ಟರಾಗುವ ಹುಚ್ಚು ಏಕೆ ಎಂದು ಕೇಳಿದರೆ ಹಣ, ಮರ್ಯಾದೆ, ಅಪ್ಪ ಅಮ್ಮನ ಒತ್ತಾಯ ಎಂಬ ಉತ್ತರ ಥಟ್ಟನೆ ಬರುತ್ತದೆ. ಸುಳ್ಳಲ್ಲ. ಮದುವೆ ಮನೆಯಲ್ಲಿ ‘ಮಗಳು ಮೆಡಿಕಲ್’ ಎನ್ನುವಾಗ ದನಿ ಒಂದು ಪಟ್ಟು ಏರುವುದು ಮಂಡ್ಯದಲ್ಲೂ ಅಷ್ಟೇ, ಮಯಾಮಿಯಲ್ಲೂ ಅಷ್ಟೇ. ಆದರೆ ಇನ್ನೊಂದು ಕಾರಣವೂ ಇದೆ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿತು. ಅದೇ ವರ್ಷ ಹಿರಿಯರಿಗೂ ಬಡವರಿಗೂ ಸರ್ಕಾರಿ ಆರೋಗ್ಯ ವಿಮೆ ಬಂತು, ಡಾಕ್ಟರುಗಳಿಗೆ ಬರ ಬಂತು. ಆಗಿನಿಂದ ಭಾರತದ ವೈದ್ಯರು ಸಾವಿರಗಟ್ಟಲೆ ಹೋದರು. ಎಷ್ಟೋ ಜನ ಸ್ಥಳೀಯ ಡಾಕ್ಟರುಗಳು ಹೋಗಲೊಲ್ಲದ ಊರುಗಳಲ್ಲಿ ಕ್ಲಿನಿಕ್ ಹಾಕಿದರು. ಇವತ್ತು ಅಮೆರಿಕದ ನಾಲ್ವರು ವೈದ್ಯರಲ್ಲಿ ಒಬ್ಬರು ಹೊರದೇಶದಲ್ಲಿ ಕಲಿತು ಬಂದವರು, ಅವರಲ್ಲಿ ಭಾರತದವರೇ ಹೆಚ್ಚು. ಅವರ ಮಕ್ಕಳು ಬೆಳೆದದ್ದು ಆ ಕ್ಲಿನಿಕ್ಕುಗಳ ಹಿಂದಿನ ಕೋಣೆಯಲ್ಲಿ. ಮೂರ್ತಿಯವರ ತಂದೆ ರೋಗಿಗಳನ್ನು ನೋಡುತ್ತಿದ್ದರು, ತಾಯಿ ಕ್ಲಿನಿಕ್ಕಿನ ವ್ಯವಹಾರ ನೋಡಿಕೊಳ್ಳುತ್ತಿದ್ದರು, ಮಕ್ಕಳು ಬಿಡುವಿನಲ್ಲಿ ಫೈಲು ಜೋಡಿಸುತ್ತಿದ್ದರು.

ಆ ಕ್ಲಿನಿಕ್ಕಿನ ಒಂದು ಪ್ರಸಂಗವನ್ನು ಅವರು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಆಗ ಅವರಿಗೆ ಏಳು ವರ್ಷ. ಅಪರಾತ್ರಿಯಲ್ಲಿ ಅಪ್ಪ ಅಮ್ಮ ಮಕ್ಕಳಿಬ್ಬರನ್ನೂ ಎಬ್ಬಿಸಿ ಕಾರು ಹತ್ತಿಸಿದರು. ಕ್ಯಾನ್ಸರ್‌ನಲ್ಲಿ ಬಹುಕಾಲ ನರಳಿದ್ದ ರೋಗಿಯೊಬ್ಬರು ತೀರಿಕೊಂಡಿದ್ದರು. ಹೆಂಡತಿ ಮನೆಯಲ್ಲಿ ಒಬ್ಬಳೇ. ಕಾರು ಹೋಗಿ ನಿಂತದ್ದು ಟ್ರೈಲರ್ ಮನೆಗಳ ಸಾಲಿನಲ್ಲಿ. ಸೀರೆ ಉಟ್ಟ ಅಮ್ಮ ಇಳಿದು ಹೋಗಿ ಮೆಟ್ಟಿಲ ಮೇಲೆ ಆ ಹೆಂಗಸನ್ನು ತಬ್ಬಿಕೊಂಡರು, ಇಬ್ಬರೂ ಅತ್ತರು. ಹುಡುಗ ಕಾರಿನಿಂದ ಅದನ್ನು ನೋಡುತ್ತಿದ್ದ. ಇಬ್ಬರು ಹೆಂಗಸರ ಬದುಕಿಗೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ರೋಗಿ ಹೋದ ಮೇಲೆ ವೈದ್ಯನ ಕೆಲಸ ಮುಗಿಯಿತು ಅನ್ನುವುದು ಲೆಕ್ಕದ ಮಾತು. ಆ ರಾತ್ರಿ ಬಿಲ್ ಆಗದ ಕೆಲಸವೊಂದು ನಡೆಯಿತು, ಹುಡುಗ ವೈದ್ಯಕೀಯ ಎಂದರೆ ಅದೇ ಎಂದುಕೊಂಡ. ಇಂಥ ಸಾವಿನ ಮನೆಗೆ ಹೋಗಿ ಕೂರುವುದು ಹಳ್ಳಿಯಲ್ಲಿ ಬೆಳೆದವರಿಗೆ ವಿಶೇಷವೇನಲ್ಲ. ಮಯಾಮಿಯ ಟ್ರೈಲರ್ ಪಾರ್ಕಿಗೆ ಅದು ವಿಶೇಷವಾಗಿತ್ತು.

ಒಂಟಿತನವೆಂದರೆ ಮೂಡು ಕೆಟ್ಟದ್ದಷ್ಟೇ ಎಂದು ಬಹಳ ಕಾಲ ವೈದ್ಯಕೀಯವೂ ನಂಬಿತ್ತು. ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪ್ಪೊ ಅದನ್ನು ಹಸಿವಿನ ಹಾಗೆ ನೋಡಿದರು: ಹಸಿವು ಅನ್ನ ಹುಡುಕಲು ಹೇಳುವಂತೆ ಒಂಟಿತನ ಜನರನ್ನು ಹುಡುಕಲು ಹೇಳುವ ಸೂಚನೆ. ಸ್ವಲ್ಪ ದಿನ ಇದ್ದರೆ ಒಳ್ಳೆಯದೇ. ತಿಂಗಳುಗಟ್ಟಲೆ ನಿಂತರೆ ದೇಹ ಸದಾ ಅಪಾಯದ ಸ್ಥಿತಿಯಲ್ಲಿ ಉಳಿಯುತ್ತದೆ. ಒತ್ತಡದ ಹಾರ್ಮೋನು ಏರುತ್ತದೆ, ನಿದ್ರೆ ಪದೇ ಪದೇ ಹರಿಯುತ್ತದೆ, ಒಳಗೊಳಗೇ ಉರಿಯೂತ ಹೆಚ್ಚುತ್ತದೆ. ಮನಸ್ಸೋ, ಇನ್ನೊಬ್ಬರ ಮುಖದಲ್ಲಿ ತಿರಸ್ಕಾರವನ್ನೇ ಹುಡುಕಲು ಶುರುಮಾಡುತ್ತದೆ. ಹಾಗಾಗಿ ಒಂಟಿಯಾದವನು ಜನರಿಂದ ಇನ್ನಷ್ಟು ಹಿಂದೆ ಸರಿಯುತ್ತಾನೆ. 2023ರ ಎಚ್ಚರಿಕೆಯಲ್ಲಿ ಮೂರ್ತಿಯವರು ಕೊಟ್ಟ ಲೆಕ್ಕ ಹೀಗಿದೆ: ಸಾಮಾಜಿಕ ಬೆಸುಗೆ ಕಡಿಮೆಯಾದರೆ ಹೃದಯರೋಗದ ಅಪಾಯ ಶೇ 29ರಷ್ಟು, ಪಾರ್ಶ್ವವಾಯುವಿನ ಅಪಾಯ ಶೇ 32ರಷ್ಟು ಏರುತ್ತದೆ, ಅಕಾಲ ಸಾವಿನ ಮಟ್ಟಿಗೆ ಹೇಳುವುದಾದರೆ ಅದು ದಿನಕ್ಕೆ 15 ಸಿಗರೇಟು ಸೇದಿದ್ದಕ್ಕೆ ಸಮ. ಮೊದಲ ಸಲ ಹುದ್ದೆಗೆ ಬಂದಾಗ ಅವರ ಪಟ್ಟಿಯಲ್ಲಿ ಒಂಟಿತನ ಇರಲಿಲ್ಲ. ದೇಶ ಸುತ್ತಿ ಜನರ ಮಾತು ಕೇಳಿದ ಮೇಲೆ ಅದು ಸೇರಿತು.

ಮಕ್ಕಳಲ್ಲಿ ಇಂಥ ಸಂಕಟ ಮಾತಾಗಿ ಬರುವುದಕ್ಕಿಂತ ಹೊಟ್ಟೆನೋವು, ತಲೆನೋವು, ನಿದ್ರೆಗೇಡಾಗಿ ಬರುವುದೇ ಹೆಚ್ಚು. ನೋವು ಸುಳ್ಳಲ್ಲ, ಕರುಳಿಗೂ ಮೆದುಳಿಗೂ ನರಗಳ ನೇರ ಸಂಪರ್ಕವಿದೆ. ನೆಪ ಎಂದು ದೊಡ್ಡವರು ಕರೆಯುವುದರಲ್ಲಿ ಅರ್ಧಕ್ಕರ್ಧ ನಿಜವಾದ ನೋವು ಇರಬಹುದು.

ಈಗಿನ ಮಕ್ಕಳು ಮೂರ್ತಿಯವರ ಕಾಲದವರಂತೆ ಬಾಯಿ ಮುಚ್ಚಿಕೊಂಡಿಲ್ಲ. ಅಮೆರಿಕದ ಹೈಸ್ಕೂಲು, ಕಾಲೇಜುಗಳಲ್ಲಿ ಮಾನಸಿಕ ಆರೋಗ್ಯದ ಕ್ಲಬ್‌ಗಳು ಸಾಮಾನ್ಯ. ಅವುಗಳಲ್ಲಿ ಹೆಸರಾದ ‘ಆ್ಯಕ್ಟಿವ್ ಮೈಂಡ್ಸ್’ ಹುಟ್ಟಿದ್ದೇ ವಿದ್ಯಾರ್ಥಿಯ ಕೈಯಲ್ಲಿ. ಅಣ್ಣನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ಅಲಿಸನ್ ಮಾಲ್ಮನ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಕಟ್ಟಿದ ಸಂಘಟನೆ ಅದು. ಇಂಥ ಕ್ಲಬ್‌ಗಳ ಮುಂದಾಳುಗಳಲ್ಲಿ ಭಾರತೀಯ ಮೂಲದವರೂ ಇದ್ದಾರೆ, ಅವರಲ್ಲಿ ಕೆಲವರು ಮುಂದೆ ಮೆಡಿಕಲ್‌ಗೆ ಹೋಗಬೇಕೆಂದಿರುವವರು.

ಮೆಡಿಕಲ್‌ಗೆ ಹೋಗುವುದು ಅಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದಷ್ಟು ನೇರವಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಏಳೂವರೆ ಗಂಟೆಯ ಎಂಕ್ಯಾಟ್ ಪರೀಕ್ಷೆ, ಆಮೇಲೆ ಅರ್ಜಿ. ಅರ್ಜಿಯಲ್ಲಿ ಇಲ್ಲಿಯವರೆಗೆ ಏನೇನು ಮಾಡಿದ್ದೀರಿ ಎಂದು ಬರೆಯಲು 15 ಖಾನೆಗಳು. ಅದರಲ್ಲಿ ಅತಿ ಮುಖ್ಯವಾದ ಮೂರನ್ನು ಗುರುತು ಮಾಡಬೇಕು. ನಾನೇಕೆ ಡಾಕ್ಟರಾಗಬೇಕು ಎಂಬ ಪ್ರಬಂಧಕ್ಕೆ 5,300 ಅಕ್ಷರಗಳ ಮಿತಿ, ನಡುವಿನ ಖಾಲಿ ಜಾಗವೂ ಸೇರಿ. ಹಳ್ಳಿಯಿಂದ ಬಂದ ಅಜ್ಜಿ, ಅಪ್ಪ ಅಮ್ಮನ ವಲಸೆ, ಆಸ್ಪತ್ರೆಯಲ್ಲಿ ಸ್ವಯಂಸೇವೆ, ಮಾನಸಿಕ ಆರೋಗ್ಯದ ಕ್ಲಬ್ ಎಲ್ಲವನ್ನೂ ಅಷ್ಟರಲ್ಲಿ ತುರುಕಬೇಕು. ಕ್ಲಬ್ ನಡೆಸಿದ ವಿಷಯ ಬರೆದರೆ ಮೆಚ್ಚುಗೆ. ಆದರೆ ಬಹಳಷ್ಟು ಸಲಹೆಗಾರರು ಜೊತೆಗೇ ಒಂದು ಕಿವಿಮಾತು ಹೇಳುತ್ತಾರೆ: ನಿನಗೇ ಖಿನ್ನತೆ ಆಗಿತ್ತು, ಮಾತ್ರೆ ತಗೊಂಡಿದ್ದೆ ಎಂದು ಮಾತ್ರ ಬರೆಯಬೇಡ. ಇನ್ನೊಬ್ಬರ ಮನೋರೋಗದ ಬಗ್ಗೆ ಮಾತಾಡುವವಳಿಗೆ ಚಪ್ಪಾಳೆ, ತನ್ನದರ ಬಗ್ಗೆ ಮಾತಾಡಿದವಳ ಮೇಲೆ ಅನುಮಾನ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಸಣ್ಣತನ ಇಲ್ಲಿದೆ.

ಅನುಮಾನ ಅರ್ಜಿಯ ಜೊತೆಗೇ ಮುಗಿಯುವುದೂ ಇಲ್ಲ. ಪದವಿ ಪಡೆದು ಪರವಾನಗಿ ಕೇಳುವಾಗ, ಕೆಲಸಕ್ಕೆ ಸೇರುವಾಗ, ಎಂದಾದರೂ ಮನೋರೋಗಕ್ಕೆ ಚಿಕಿತ್ಸೆ ಪಡೆದಿದ್ದೀರಾ ಎಂದು ಹಲವು ರಾಜ್ಯಗಳ ವೈದ್ಯಕೀಯ ಮಂಡಳಿಗಳು ವರ್ಷಾನುಗಟ್ಟಲೆ ಕೇಳುತ್ತಿದ್ದವು. ಕಾಲು ಮುರಿದಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ. ನ್ಯೂಯಾರ್ಕ್‌ನ ತುರ್ತು ಚಿಕಿತ್ಸಾ ವೈದ್ಯೆ ಡಾ. ಲೋರ್ನಾ ಬ್ರೀನ್ ಕೋವಿಡ್‌ನ ಮೊದಲ ಅಲೆಯಲ್ಲಿ ಹಗಲು ರಾತ್ರಿ ದುಡಿದು, 2020ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಚಿಕಿತ್ಸೆ ಪಡೆದದ್ದು ಗೊತ್ತಾದರೆ ಪರವಾನಗಿ ಹೋಗುತ್ತದೆಂಬ ಭಯ ಅವರನ್ನು ಕಾಡುತ್ತಿತ್ತು ಎಂದು ಕುಟುಂಬದವರು ಹೇಳಿದರು. ಅವರ ಹೆಸರಿನಲ್ಲೇ 2022ರ ಮಾರ್ಚ್‌ನಲ್ಲಿ ಕಾನೂನು ಬಂತು. ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಹಣ ಮೀಸಲಾಯಿತು. ಅನೇಕ ರಾಜ್ಯಗಳು ಆ ಪ್ರಶ್ನೆಯನ್ನು ಕೈಬಿಟ್ಟಿವೆ, ಇಲ್ಲವೇ ಈಗ ಕೆಲಸ ಮಾಡಲು ಅಡ್ಡಿಯಾಗುವ ಕಾಯಿಲೆ ಇದೆಯೇ ಎಂಬಷ್ಟಕ್ಕೆ ತಿದ್ದಿವೆ. ಭಯ ಮಾತ್ರ ಫಾರಂ ಬದಲಾದಷ್ಟು ಬೇಗ ಬದಲಾಗುವುದಿಲ್ಲ. 2016ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ, ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿದ ವರದಿಯ ಪ್ರಕಾರ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಶೇ 27.2 ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಅವರಲ್ಲಿ ಚಿಕಿತ್ಸೆಗೆ ಹೋದವರು ಶೇ 15.7 ಮಾತ್ರ. ಔಷಧ ಯಾವುದು, ಡಾಕ್ಟರು ಎಲ್ಲಿ ಸಿಗುತ್ತಾರೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರ ಕಥೆ ಇದು.

ವಲಸಿಗರ ಮಗಳಾದರೆ ಇದರ ಮೇಲೆ ಮನೆಯ ಭಾರವೂ ಕೂರುತ್ತದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲೋ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೋ ಇರುವ ಕನ್ನಡದ ಮನೆಯೊಂದನ್ನು ಊಹಿಸಿಕೊಳ್ಳಿ. ಸಂಜೆ, ಅಡುಗೆಮನೆಯಲ್ಲಿ ಒಗ್ಗರಣೆ.

“ಅಮ್ಮಾ, ನಾನು ಕೌನ್ಸೆಲರ್ ಹತ್ರ ಹೋಗ್ತಾ ಇದೀನಿ.”

“ಹೋಗು ಪುಟ್ಟಿ. ಕಾಲೇಜ್ ಅಪ್ಲಿಕೇಶನ್‌ಗೆ ತಾನೆ?”

“ಅದಕ್ಕಲ್ಲ. ನಂಗೇ. ಥೆರಪಿಗೆ.”

ಒಲೆ ಆರುತ್ತದೆ. “ಯಾಕೆ? ನಾವೇನು ಕಮ್ಮಿ ಮಾಡಿದೀವಿ ನಿಂಗೆ?” ಹಾಲ್‌ನಿಂದ ಅಪ್ಪನ ದನಿ: “ಈಗ್ಲೇ ಯಾರಿಗೂ ಹೇಳೋಕೆ ಹೋಗ್ಬೇಡ. ಊರಲ್ಲಿ ಅಜ್ಜಿಗಂತೂ ಬೇಡ.”

ಈ ಅಪ್ಪ ಅಮ್ಮನನ್ನು ಖಳರನ್ನಾಗಿ ಮಾಡುವುದು ಸುಲಭ, ಅಮೆರಿಕದಲ್ಲಿ ಬೆಳೆದ ಮಕ್ಕಳ ಬರಹಗಳಲ್ಲಿ ಅದು ಬೇಕಾದಷ್ಟು ನಡೆದಿದೆ. ನನಗೆ ಹಾಗೆ ಕಾಣುವುದಿಲ್ಲ. ಎರಡು ಸೂಟ್‌ಕೇಸ್ ಹಿಡಿದು ಹೋಗಿ, ಹಿಮದಲ್ಲಿ ಕಾರು ಕೆಟ್ಟಾಗಲೂ ಊರಿಗೆ ಫೋನ್ ಮಾಡಿ ‘ಚೆನ್ನಾಗಿದೀವಿ’ ಎಂದೇ ಹೇಳಿದವರು ಅವರು. ಯಾರಿಗೂ ದೂರು ಹೇಳದೇ ಇದ್ದದ್ದರಿಂದಲೇ ಉಳಿದೆವು ಎಂಬುದು ಅವರ ಅನುಭವ. ಮಗಳು ಹೇಳಿಕೊಂಡಾಗ ಅವರಿಗೆ ಕೇಳಿಸುವುದು ತಮ್ಮ ಮೇಲಿನ ದೂರು. ಫಲ ಮಾತ್ರ ಕೆಟ್ಟದ್ದೇ: ಅಮೆರಿಕದ ಯಾವ ಜನಾಂಗಕ್ಕೆ ಹೋಲಿಸಿದರೂ ಮಾನಸಿಕ ಆರೋಗ್ಯ ಸೇವೆ ಬಳಸುವುದು ಏಷ್ಯನ್ ಮೂಲದವರಲ್ಲಿ ಅತಿ ಕಡಿಮೆ, 15ರಿಂದ 24 ವಯಸ್ಸಿನ ಏಷ್ಯನ್ ಅಮೆರಿಕನ್ನರ ಸಾವಿಗೆ ಮೊದಲ ಕಾರಣ ಆತ್ಮಹತ್ಯೆ. ಅಂದಹಾಗೆ, ಮಗಳು ಮುಂದೆ ಸೈಕಿಯಾಟ್ರಿ ತಗೊಳ್ಳುತ್ತೇನೆ ಎಂದರೆ ಇನ್ನೊಂದು ಸುತ್ತಿನ ಮೌನ. ಹಾರ್ಟ್ ಡಾಕ್ಟರ್ ಆಗಬಹುದಿತ್ತಲ್ಲ ಎಂದು ಊರಿನಿಂದ ವಾಟ್ಸ್ಆ್ಯಪ್ ಬರುತ್ತದೆ.

ಇಷ್ಟೆಲ್ಲ ದಾಟಿದರೂ ಕೆಲವರಿಗೆ ಒಂದು ಗೋಡೆ ಉಳಿಯುತ್ತದೆ, ಅದು ವೀಸಾ. ಎಚ್‌–1ಬಿ ಮೇಲೆ ಹೋದ ಎಂಜಿನಿಯರನ ಮಗು ಎರಡು ಮೂರು ವರ್ಷಕ್ಕೇ ಎಚ್‌–4 ಎಂಬ ಅವಲಂಬಿತ ವೀಸಾದಲ್ಲಿ ಹೋಗುತ್ತದೆ. ಅಲ್ಲೇ ಅಕ್ಷರ ಕಲಿಯುತ್ತದೆ, ಅಲ್ಲೇ ಬೆಳೆಯುತ್ತದೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1.4 ಲಕ್ಷ, ಯಾವುದೇ ಒಂದು ದೇಶದವರಿಗೆ ಅದರಲ್ಲಿ ಶೇ 7ರ ಮಿತಿ. ಭಾರತೀಯರ ಸಾಲು ದಶಕಗಳಷ್ಟು ಉದ್ದ. ಅಪ್ಪನ ಸರದಿ ಬರುವ ಮೊದಲೇ ಮಗುವಿಗೆ 21 ತುಂಬಿದರೆ ಅವಲಂಬಿತರ ಪಟ್ಟಿಯಿಂದ ಹೆಸರು ಹೋಗುತ್ತದೆ. 2002ರ ಒಂದು ಕಾನೂನು ವಯಸ್ಸಿನ ಲೆಕ್ಕದಲ್ಲಿ ಅಲ್ಪಸ್ವಲ್ಪ ರಿಯಾಯಿತಿ ಕೊಡುತ್ತದೆ, ದಶಕಗಳ ಸಾಲಿಗೆ ಅದು ಸಾಲುವುದಿಲ್ಲ. ಮನೆಯವರು ಕೇಕ್ ತರಿಸುವ ಹುಟ್ಟುಹಬ್ಬಕ್ಕೆ ಮೊದಲೇ ವಿದ್ಯಾರ್ಥಿ ವೀಸಾಕ್ಕೆ ಓಡಬೇಕು, ಇಲ್ಲವೇ ನೆನಪೇ ಇಲ್ಲದ ದೇಶಕ್ಕೆ ಮರಳಬೇಕು. ಇಂಥ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು.

ಡಾಕ್ಟರಾಗಬೇಕೆಂದಿರುವ ಹುಡುಗಿಗೆ ಇದರ ಅರ್ಥವೇನು? ಮಿಡಲ್ ಸ್ಕೂಲಿನಿಂದ ಅದೇ ಊರಿನಲ್ಲಿ ಓದಿದ್ದರೂ ಮೆಡಿಕಲ್ ಸ್ಕೂಲಿನ ಕಣ್ಣಿಗೆ ಅವಳು ‘ವಿದೇಶಿ ವಿದ್ಯಾರ್ಥಿನಿ’. ಅಮೆರಿಕದ ಬಹುಪಾಲು ಮೆಡಿಕಲ್ ಸ್ಕೂಲುಗಳು ವಿದೇಶಿಯರ ಅರ್ಜಿ ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕೆಲವು, ವರ್ಷಗಳ ಫೀಸನ್ನು ಮೊದಲೇ ಬ್ಯಾಂಕಿನಲ್ಲಿ ಇಡಿ ಎನ್ನುತ್ತವೆ. ಫೆಡರಲ್ ಸಾಲ ಸಿಗದು. ಇನ್ನೂ ವಿಚಿತ್ರವೆಂದರೆ, ದಾಖಲೆ ಇಲ್ಲದೆ ಬಂದ ಮಕ್ಕಳಿಗೆ 2012ರಲ್ಲಿ ಒಬಾಮ ಸರ್ಕಾರ ‘ಡಾಕಾ’ ಎಂಬ ರಕ್ಷಣೆ ಕೊಟ್ಟಿತು, ಷಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದ ಸ್ಟ್ರಿಚ್ ಮೆಡಿಕಲ್ ಸ್ಕೂಲು ಅಂಥವರನ್ನು ಬಹಿರಂಗವಾಗಿ ಸೇರಿಸಿಕೊಂಡ ಮೊದಲ ಸಂಸ್ಥೆಯಾಯಿತು. ಸರಿಯಾದ ದಾಖಲೆ ಇಟ್ಟುಕೊಂಡು ಬಂದ ಎಚ್‌–4 ಮಕ್ಕಳಿಗೆ ಡಾಕಾ ಅನ್ವಯಿಸುವುದಿಲ್ಲ, ಏಕೆಂದರೆ ಅವರು ಕಾನೂನು ಮುರಿದಿರಲಿಲ್ಲ. ಈ ಮಕ್ಕಳು ಸೇರಿ ‘ಇಂಪ್ರೂವ್ ದ ಡ್ರೀಮ್’ ಎಂಬ ಸಂಘಟನೆ ಕಟ್ಟಿಕೊಂಡರು. 2021ರಲ್ಲೂ 2023ರಲ್ಲೂ ಎರಡೂ ಪಕ್ಷಗಳ ಸದಸ್ಯರು ಸೇರಿ ಮಸೂದೆ ಮಂಡಿಸಿದರು. ಎರಡೂ ಸಲ ಅದು ಕಾನೂನಾಗಲಿಲ್ಲ.

ತಾನು ಯಾವ ದೇಶದವಳು ಎಂಬುದೇ ಮತ್ತೆ ಮತ್ತೆ ಅರ್ಜಿ ಹಾಕಿ ಕೇಳಬೇಕಾದ ಪ್ರಶ್ನೆಯಾದಾಗ ಆತಂಕ ಹುಟ್ಟದಿದ್ದರೆ ಆಶ್ಚರ್ಯ. ಅದಕ್ಕೆ ಥೆರಪಿಸ್ಟ್ ಕೊಡಬಹುದಾದ ಮದ್ದು ಸ್ವಲ್ಪವೇ. ಮಾನಸಿಕ ಆರೋಗ್ಯದ ಬಗ್ಗೆ ಮಾತಾಡುವ ಮಕ್ಕಳು ವಲಸೆ ಕಾನೂನಿನ ಬಗ್ಗೆಯೂ ಮಾತಾಡತೊಡಗಿದ್ದು ಇದೇ ಕಾರಣಕ್ಕೆ. ಉಸಿರಾಟದ ವ್ಯಾಯಾಮ ಕಲಿಸಿ ಗ್ರೀನ್ ಕಾರ್ಡಿನ ಸಾಲು ಕರಗಿಸಲು ಬರುವುದಿಲ್ಲ.

ವಿದ್ಯಾರ್ಥಿಗಳ ಕೈಯಲ್ಲಿ ಏನಾದೀತು ಎಂದು ಮೂಗು ಮುರಿಯುವವರಿಗೆ ಮತ್ತೆ ಮೂರ್ತಿಯವರ ಉದಾಹರಣೆಯೇ ಸಾಕು. 1995ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲಿದ್ದಾಗಲೇ, ಅಕ್ಕ ರಶ್ಮಿ ಜೊತೆ ಸೇರಿ ಏಡ್ಸ್ ಜಾಗೃತಿಗಾಗಿ ‘ವಿಷನ್ಸ್’ ಎಂಬ ಸಂಸ್ಥೆ ಕಟ್ಟಿದರು. ಭಾರತದಲ್ಲೂ ಅಮೆರಿಕದಲ್ಲೂ ಅದು ಕೆಲಸ ಮಾಡಿತು. ಎರಡು ವರ್ಷದ ನಂತರದ ‘ಸ್ವಾಸ್ಥ್ಯ’ ಯೋಜನೆಯಲ್ಲಿ ದಕ್ಷಿಣ ಭಾರತದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಆರೋಗ್ಯ ಕಾರ್ಯಕರ್ತೆಯರಾಗಿ, ಆರೋಗ್ಯ ಶಿಕ್ಷಕಿಯರಾಗಿ ತರಬೇತಿ ಕೊಟ್ಟರು. ಹೀಗೆ ಸ್ಥಳೀಯರಿಗೆ ತರಬೇತಿ ಕೊಟ್ಟರೆ ಮನೋಚಿಕಿತ್ಸೆಯ ಒಂದು ಪಾಲನ್ನು ಅವರೇ ಮಾಡಬಲ್ಲರು ಎಂಬುದನ್ನು ಗೋವಾದ ‘ಸಂಗಾತ್’ ಸಂಸ್ಥೆಯ ಮೂಲಕ ತೋರಿಸಿಕೊಟ್ಟವರು ಮುಂಬೈಯಲ್ಲಿ ಹುಟ್ಟಿದ ವಿಕ್ರಮ್ ಪಟೇಲ್. ಅವರೀಗ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಯಿಂದ ಇಂಥ ಕೆಲಸ ಮಾಡಿಸಿತ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ಅಮೆರಿಕದ ಕ್ಲಬ್‌ಗಳ ಮಕ್ಕಳಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಅಜ್ಜಿಯ ಊರು ಎಂದರೆ ಪ್ರಬಂಧದಲ್ಲಿ ಕಣ್ಣೀರಿಗೆ ಬಳಸುವ ಜಾಗ ಮಾತ್ರವಲ್ಲ ಎಂದು ತಿಳಿಯುತ್ತದೆ.

ಇಲ್ಲಿ ಕೂತು ಅಮೆರಿಕವನ್ನು ಬೈಯುವ ಅಧಿಕಾರವೂ ನಮಗೆ ಹೆಚ್ಚಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಮ್ಹಾನ್ಸ್ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯಲ್ಲಿ ರಚಿಸಿದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಆನ್‌ಲೈನ್ ಸಮೀಕ್ಷೆಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳ ಪೈಕಿ ಶೇ 27.8 ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇರುವುದು ಪತ್ತೆಯಾಗಿದೆ ಎಂದು ಹೇಳಿಕೊಂಡಿದ್ದರು. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ 31.2 ಮಂದಿ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದರು. ನಮ್ಮ ಮಕ್ಕಳಿಗೆ ವೀಸಾದ ಭಯವಿಲ್ಲ, ಕೆಫೆಟೇರಿಯಾದಲ್ಲಿ ಚಿತ್ರಾನ್ನದ ಡಬ್ಬಿ ತೆರೆಯುವ ಸಂಕೋಚವೂ ಇಲ್ಲ. ಆದರೂ ಅಂಕಿಗಳು ಹಗುರವಾಗಿಲ್ಲ.

ಮಗನೋ ಮಗಳೋ ಮೆಡಿಕಲ್ ಓದುತ್ತಿದ್ದರೆ, ಇಲ್ಲಿರಲಿ ಅಲ್ಲಿರಲಿ, ಈ ವಾರದ ಫೋನಿನಲ್ಲಿ ಪರೀಕ್ಷೆಯ ವಿಷಯ ಬಿಟ್ಟು ಊಟಕ್ಕೆ ಯಾರ ಜೊತೆ ಕೂರುತ್ತೀಯ ಎಂದು ಕೇಳಿ. ಉತ್ತರ ತಡವಾದರೆ ಕಾಯಿರಿ. ಮಾತು ಮನೆಯವರ ಕೈಮೀರಿದರೆ ಭಾರತದಲ್ಲಿ ಟೆಲಿ–ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೂ ಮಾತಾಡಬಹುದು, ಅಮೆರಿಕದಲ್ಲಿ 988. ಎರಡೂ ದಿನದ 24 ಗಂಟೆ ತೆರೆದಿರುತ್ತವೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ.